ರುಜುವಾತಾಗಿಲ್ಲ ಅಂದರೆ ಏನರ್ಥ?

ಇವತ್ತು ಒಂದು ಫೋಟೋದ ಕಥೆಯಿಂದ ಶುರು ಮಾಡ್ತೀನಿ. ಕೆಲವು ವರ್ಷಗಳ ಹಿಂದಿನ ಮಾತು. ಚುನಾವಣೆ ಹತ್ತಿರ ಬಂದಿತ್ತು. ಮಧ್ಯಾಹ್ನ ನಾಲ್ಕು ಗಂಟೆ ಹೊತ್ತಿಗೆ ಎಲ್ಲರ ಮೊಬೈಲ್‌ಗೂ ಒಂದು ಫೋಟೋ ಬಂತು. ವೇದಿಕೆ ಮೇಲೆ ಒಬ್ಬರನ್ನೊಬ್ಬರು ಹರಿದು ತಿನ್ನುವ ಹಾಗೆ ಬೈಯುವ ಇಬ್ಬರು ನಾಯಕರು, ಎರಡು ಬೇರೆ ಬೇರೆ ಪಕ್ಷದವರು, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತು ನಗ್ತಾ ಇದ್ದಾರೆ. ಕೆಳಗೆ ಯಾರೋ ಬರೆದಿದ್ದಾರೆ: ‘ಹಗಲು ಜಗಳ, ರಾತ್ರಿ ಹೊಂದಾಣಿಕೆ’.

ನಾನಾಗ ಕೆಲಸ ಮಾಡ್ತಿದ್ದ ಚಾನೆಲ್‌ನಲ್ಲಿ ಐದು ಗಂಟೆಗೆ ಆ ಫೋಟೋ ಪರದೆ ಮೇಲೆ ಬಂತು. ದಪ್ಪ ಅಕ್ಷರದಲ್ಲಿ ‘ಒಳ ಒಪ್ಪಂದ?’ ಅಂತ ಹಾಕಿದ್ವಿ. ಕೊನೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ನಮ್ಮ ವೃತ್ತಿಯಲ್ಲಿ ಆ ಚಿಹ್ನೆ ಇದೆಯಲ್ಲ, ಅದು ಛತ್ರಿ ಇದ್ದ ಹಾಗೆ. ಹೇಳಬೇಕಾದ್ದನ್ನೆಲ್ಲ ಹೇಳಿ ಆಮೇಲೆ ಅದರ ಕೆಳಗೆ ನಿಂತುಬಿಡಬಹುದು. ‘ನಾವು ಹೇಳಿಲ್ಲ ಸ್ವಾಮಿ, ಕೇಳಿದ್ವಿ ಅಷ್ಟೆ’ ಅನ್ನಬಹುದು. ನಾಲ್ಕು ಜನರನ್ನು ಕೂರಿಸಿಕೊಂಡು ಒಂದು ಗಂಟೆ ಚರ್ಚೆ ನಡೆಸಿದೆ. ಚರ್ಚೆ ನಡೆಸಿದವನು ನಾನೇ, ಬೇರೆ ಯಾರೂ ಅಲ್ಲ.

ರಾತ್ರಿ ಗೊತ್ತಾಯ್ತು, ಅದು ಮೂರು ವರ್ಷ ಹಳೇ ಫೋಟೋ. ಇಬ್ಬರಿಗೂ ಬೇಕಾದವರ ಮನೆ ಮದುವೆ. ಮಾರನೇ ದಿನ ಬೆಳಿಗ್ಗೆ ಪರದೆಯ ಕೆಳಗೆ ಓಡುವ ಸಾಲಿನಲ್ಲಿ ‘ಫೋಟೋ ಹಳೆಯದು’ ಅಂತ ಒಂದಷ್ಟು ಹೊತ್ತು ಓಡಿಸಿ ಕೈ ತೊಳೆದುಕೊಂಡ್ವಿ.

ಎರಡು ದಿನ ಬಿಟ್ಟು ಊರಿಂದ ಅಪ್ಪ ಫೋನ್ ಮಾಡಿದರು. ಅವರಿಗೊಬ್ಬರು ಸ್ನೇಹಿತರಿದ್ದಾರೆ, ನಾನು ಚಿಕ್ಕಂದಿನಿಂದ ಮಾಮ ಅಂತ ಕರೆಯೋರು. ಮೂವತ್ತು ವರ್ಷದಿಂದ ಇಬ್ಬರೂ ಬೆಳಿಗ್ಗೆ ಒಟ್ಟಿಗೆ ನಡೆದು ಹೋಗಿ ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲ್‌ನಲ್ಲಿ ಕಾಫಿ ಕುಡಿಯೋರು. ಅಪ್ಪ ಒಂದು ಪಕ್ಷ, ಅವರು ಇನ್ನೊಂದು. ಆ ಫೋಟೋ ಮೇಲೆ ಮಾತಿಗೆ ಮಾತು ಬೆಳೆದಿದೆ. ಅಪ್ಪ ‘ಮದುವೆಗೆ ಹೋದರೆ ಒಪ್ಪಂದ ಆಗಿಬಿಡುತ್ತಾ?’ ಅಂದಿದ್ದಾರೆ. ಮಾಮ ‘ನಿನ್ನ ಮಗನೇ ಟಿವಿಯಲ್ಲಿ ಹೇಳ್ತಿದ್ದಾನಲ್ಲಯ್ಯ!’ ಅಂದಿದ್ದಾರೆ. ಅವತ್ತಿನಿಂದ ಮಾತು ಬಂದ್.

ಅಪ್ಪ ಕೇಳಿದರು, “ಅದು ನಿಜವೇನಪ್ಪಾ?”

“ರುಜುವಾತಾಗಿಲ್ಲ ಅಪ್ಪಾ” ಅಂದೆ.

“ಹಾಗಾದರೆ ಸುಳ್ಳೋ?”

“ಸುಳ್ಳು ಅಂತಲೂ ರುಜುವಾತಾಗಿಲ್ಲ.”

“ಮತ್ತೆ ಒಂದು ಗಂಟೆ ಹೊತ್ತು ಏನು ಮಾತಾಡಿದೆ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪ್ಪ ತಾಲ್ಲೂಕು ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಅವರು ಅವತ್ತು ಹೇಳಿದ ಮಾತು ಇದು: “ನೋಡು, ಕಾನೂನಿನಲ್ಲಿ ಮೂರು ಡಬ್ಬಿ ಇಟ್ಟಿದ್ದಾರೆ. ನಿಮ್ಮ ಟಿವಿಯಲ್ಲಿ ಎರಡೇ ಇರೋದು. ಮೂರನೇದನ್ನ ಎಲ್ಲಿ ಕಳೆದ್ರಿ?”

ವೀಕ್ಷಕರೇ, ಇವತ್ತಿನ ಮಾತೆಲ್ಲ ಆ ಮೂರನೇ ಡಬ್ಬಿ ಬಗ್ಗೆ.

ನಮ್ಮ ದೇಶದ ಸಾಕ್ಷ್ಯ ಕಾಯ್ದೆ ಬಂದದ್ದು 1872ರಲ್ಲಿ. ಅದರ ಮೂರನೇ ಸೆಕ್ಷನ್‌ನಲ್ಲಿ ಮೂರು ಪದಗಳ ಅರ್ಥ ಹೇಳಿದ್ದಾರೆ. ಒಂದು, ರುಜುವಾತಾಗಿದೆ. ಎರಡು, ಸುಳ್ಳೆಂದು ರುಜುವಾತಾಗಿದೆ. ಮೂರು, ರುಜುವಾತಾಗಿಲ್ಲ. ಮೊದಲನೇದಕ್ಕೆ ಅಳತೆ ಏನು? ಮುಂದಿರುವುದನ್ನೆಲ್ಲ ನೋಡಿದ ಮೇಲೆ ನ್ಯಾಯಾಲಯಕ್ಕೆ ಅದು ನಿಜ ಅನ್ನಿಸಬೇಕು, ಇಲ್ಲವೇ ವಿವೇಕ ಇರೋ ಮನುಷ್ಯ ಅದು ನಿಜ ಅಂತಲೇ ಇಟ್ಟುಕೊಂಡು ಮುಂದಿನ ಹೆಜ್ಜೆ ಇಡುವಷ್ಟು ಸಂಭವ ಇರಬೇಕು. ಎರಡನೇದು ಇದರ ತಿರುವುಮುರುವು. ಮೂರನೇದು ಇವೆರಡೂ ಅಲ್ಲದ್ದು. ನಿಜ ಅಂತಲೂ ತೋರಿಸೋಕೆ ಆಗಿಲ್ಲ, ಸುಳ್ಳು ಅಂತಲೂ ತೋರಿಸೋಕೆ ಆಗಿಲ್ಲ. 2024ರ ಜುಲೈ 1ರಿಂದ ಆ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಕಾಯ್ದೆಯ ಹೆಸರು ಬದಲಾಯ್ತು, ಆ ಮೂರು ಪದಗಳು ಹಾಗೇ ಉಳಿದಿವೆ.

ಈಗ ನಮ್ಮ ಮೊಬೈಲ್ ನೋಡಿ. ಹೊಂದಾಣಿಕೆ ರಾಜಕಾರಣ, ಮ್ಯಾಚ್ ಫಿಕ್ಸಿಂಗ್, ವಿದೇಶಿ ಕೈವಾಡ, ಷಡ್ಯಂತ್ರ. ಯಾವ ಜಗಳ ಬೇಕಾದರೂ ತಗೊಳ್ಳಿ, ಎರಡೇ ಡಬ್ಬಿ. ನಮ್ಮ ವಿರೋಧಿಗಳ ಮೇಲೆ ಬಂದ ಆರೋಪ ಬಂದ ದಿನವೇ ನಿಜ. ನಮ್ಮವರ ಮೇಲೆ ಬಂದದ್ದು ಹುಟ್ಟಿನಿಂದಲೇ ಸುಳ್ಳು. ‘ಗೊತ್ತಿಲ್ಲ, ಕಾದು ನೋಡೋಣ’ ಅಂದವನನ್ನು ಎರಡೂ ಕಡೆಯವರು ಹಿಡಿದು ಬಡಿತಾರೆ.

ಮೂರು ಡಬ್ಬಿಗೂ ಒಂದೊಂದು ಉದಾಹರಣೆ ಕೊಡ್ತೀನಿ. ಮೊದಲು ದೂರದ್ದೇ ಹೇಳ್ತೀನಿ. ಯಾಕೆಂದರೆ ಹತ್ತಿರದ್ದು ಹೇಳಿದ ತಕ್ಷಣ ನೀವು ವಿಷಯ ಬಿಟ್ಟು ನಾನು ಯಾವ ಪಕ್ಷ ಅಂತ ಹುಡುಕೋಕೆ ಶುರು ಮಾಡ್ತೀರಿ.

ಮೊದಲನೇ ಡಬ್ಬಿ. 1972ರ ಜೂನ್ 17, ಅಮೆರಿಕದ ವಾಷಿಂಗ್ಟನ್. ವಾಟರ್‌ಗೇಟ್ ಅನ್ನೋ ಕಟ್ಟಡ. ಅಧ್ಯಕ್ಷ ನಿಕ್ಸನ್ ಅವರ ಎದುರಾಳಿ ಡೆಮಾಕ್ರಟಿಕ್ ಪಕ್ಷದ ಕೇಂದ್ರ ಕಚೇರಿ ಅಲ್ಲಿತ್ತು. ರಾತ್ರಿ ಪಾಳಿಯ ಕಾವಲುಗಾರ ಒಂದು ಬಾಗಿಲ ಬೀಗಕ್ಕೆ ಟೇಪ್ ಅಂಟಿಸಿರೋದನ್ನ ನೋಡಿದ, ಕಿತ್ತು ಹಾಕಿದ. ಸ್ವಲ್ಪ ಹೊತ್ತು ಬಿಟ್ಟು ಬಂದು ನೋಡಿದರೆ ಮತ್ತೆ ಟೇಪ್! ಪೊಲೀಸರಿಗೆ ಫೋನ್ ಮಾಡಿದ. ಒಳಗೆ ಐದು ಜನ ಸಿಕ್ಕಿಬಿದ್ದರು.

ಅಧ್ಯಕ್ಷರ ವಕ್ತಾರರು ಇದನ್ನ ಮೂರನೇ ದರ್ಜೆಯ ಕಳ್ಳತನದ ಪ್ರಯತ್ನ ಅಂತ ತಳ್ಳಿಹಾಕಿದರು. ಜನಕ್ಕೂ ಅದೇನು ದೊಡ್ಡ ವಿಷಯ ಅನ್ನಿಸಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ನಿಕ್ಸನ್ 50 ರಾಜ್ಯಗಳಲ್ಲಿ 49 ಗೆದ್ದರು. ಅವತ್ತು ಯಾರಾದರೂ ‘ಇದರ ಹಿಂದೆ ಅಧ್ಯಕ್ಷರ ಕಚೇರಿಯೇ ಇದೆ’ ಅಂದಿದ್ದರೆ ಅದಕ್ಕೆ ಸರಿಯಾದ ಜಾಗ ಮೂರನೇ ಡಬ್ಬಿಯೇ. ಆದರೆ ಕೆಲವರು ಅದನ್ನ ಅಲ್ಲೇ ಕೊಳೆಯೋಕೆ ಬಿಡಲಿಲ್ಲ. ‘ವಾಷಿಂಗ್ಟನ್ ಪೋಸ್ಟ್’ನ ಇಬ್ಬರು ವರದಿಗಾರರು, ಬಾಬ್ ವುಡ್‌ವರ್ಡ್ ಮತ್ತು ಕಾರ್ಲ್ ಬರ್ನ್‌ಸ್ಟೀನ್, ದುಡ್ಡಿನ ಜಾಡು ಹಿಡಿದರು. ನಿಕ್ಸನ್ ಪ್ರಚಾರ ನಿಧಿಗೆ ಅಂತ ಬಂದ 25,000 ಡಾಲರ್ ಚೆಕ್ ಸಿಕ್ಕಿಬಿದ್ದವರಲ್ಲೇ ಒಬ್ಬನ ಬ್ಯಾಂಕ್ ಖಾತೆಗೆ ಜಮಾ ಆಗಿತ್ತು. ನೋಡಿ, ಇದನ್ನ ಪುರಾವೆ ಅನ್ನಬಹುದು. ಕೈಯಲ್ಲಿ ಹಿಡಿದು ತೋರಿಸಬಹುದಾದ ಚೆಕ್ಕು.

ಇಲ್ಲೊಂದು ಪಾಠ ನಮ್ಮಂಥವರಿಗೆ. ಆ ಅಕ್ಟೋಬರ್‌ನಲ್ಲಿ ಅವರು ಒಂದು ವರದಿಯಲ್ಲಿ ಎಡವಿದರು. ಗುಪ್ತ ನಿಧಿಯ ಮೇಲೆ ನಿಕ್ಸನ್ ಅವರ ಬಲಗೈ ಬಂಟ ಹಾಲ್ಡೆಮನ್ ಅವರಿಗೆ ಹಿಡಿತ ಇತ್ತು ಅನ್ನೋದು ಸರಿಯೇ ಇತ್ತು. ಆದರೆ ಹಾಗಂತ ಒಬ್ಬರು ಗ್ರ್ಯಾಂಡ್ ಜ್ಯೂರಿ ಮುಂದೆ ಸಾಕ್ಷಿ ಹೇಳಿದ್ದಾರೆ ಅಂತ ಬರೆದರು, ಅದು ತಪ್ಪಾಗಿತ್ತು. ಆ ಒಂದು ಎಳೆ ಹಿಡಿದುಕೊಂಡು ಶ್ವೇತಭವನ ಇಡೀ ಪತ್ರಿಕೆ ಮೇಲೆ ಬಿತ್ತು. ಅಂದರೆ ಏನಾಯ್ತು? ನಿಜವಾದ ಆರೋಪದ ಜೊತೆಗೆ ಒಂದು ಚಮಚ ಉತ್ಪ್ರೇಕ್ಷೆ ಬೆರೆಸಿದರೆ, ಅದು ಆರೋಪಿಗೆ ನೀವು ಕೊಡುವ ಉಡುಗೊರೆ.

ಕೊನೆಗೆ ಕೆಲಸ ಮುಗಿಸಿದ್ದು ನಿಕ್ಸನ್ ಅವರದೇ ಧ್ವನಿ. ಅವರ ಕಚೇರಿಯಲ್ಲಿ ಮಾತುಕತೆಗಳೆಲ್ಲ ಧ್ವನಿಮುದ್ರಣ ಆಗ್ತಾವೆ ಅನ್ನೋದು 1973ರ ಜುಲೈನಲ್ಲಿ ಹೊರಗೆ ಬಂತು. ಟೇಪ್ ಕೊಡಲ್ಲ ಅಂತ ಹಟ ಹಿಡಿದರು. 1974ರ ಜುಲೈ 24ರಂದು ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ‘ಕೊಡಬೇಕು’ ಅಂತು. ಕಳ್ಳತನ ನಡೆದು ಆರೇ ದಿನಕ್ಕೆ ತನಿಖೆ ತಡೆಯೋಕೆ ಅಧ್ಯಕ್ಷರೇ ಒಪ್ಪಿಗೆ ಕೊಟ್ಟದ್ದು ಒಂದು ಟೇಪಿನಲ್ಲಿತ್ತು. ಆಗಸ್ಟ್ 5ಕ್ಕೆ ಅದು ಹೊರಗೆ ಬಂತು, 9ಕ್ಕೆ ನಿಕ್ಸನ್ ಕುರ್ಚಿ ಬಿಟ್ಟರು. ಎರಡು ವರ್ಷ ಹಿಡೀತು ಸ್ವಾಮಿ, ಮೂರನೇ ಡಬ್ಬಿಯಿಂದ ಮೊದಲನೇದಕ್ಕೆ ಬರೋಕೆ. ಅದಕ್ಕೇ ಹೇಳ್ತೀನಿ, ಸಂಶಯ ಪಡೋದು ತಪ್ಪಲ್ಲ. ಅಧಿಕಾರದಲ್ಲಿ ಇರೋರು ಪಿತೂರಿ ಮಾಡ್ತಾರೆ, ಅದು ಇತಿಹಾಸ. ಆದರೆ ಸಂಶಯ ಅನ್ನೋದು ಕೆಲಸದ ಆರಂಭ, ತೀರ್ಪಲ್ಲ.

ಈಗ ಎರಡನೇ ಡಬ್ಬಿ. ಇದು ನಮ್ಮ ಮನೆ ಕಥೆ.

1994ರ ಅಕ್ಟೋಬರ್. ತಿರುವನಂತಪುರದಲ್ಲಿ ವೀಸಾ ಅವಧಿ ಮುಗಿದ ಮೇಲೂ ಉಳಿದಿದ್ದಾರೆ ಅಂತ ಮಾಲ್ದೀವ್ಸ್‌ನ ಒಬ್ಬ ಮಹಿಳೆಯನ್ನ ಪೊಲೀಸರು ಬಂಧಿಸ್ತಾರೆ. ಅಲ್ಲಿಂದ ಶುರುವಾದ ಕಥೆ ಒಂದೂವರೆ ತಿಂಗಳಲ್ಲಿ ಇಸ್ರೋ ಬಾಗಿಲಿಗೆ ಬಂತು. ರಾಕೆಟ್ ತಂತ್ರಜ್ಞಾನ ಪಾಕಿಸ್ತಾನಕ್ಕೆ ಮಾರಾಟ ಆಗ್ತಿದೆ ಅಂತ ಸುದ್ದಿ. ನವೆಂಬರ್ 30ರಂದು ವಿಜ್ಞಾನಿ ನಂಬಿ ನಾರಾಯಣನ್ ಬಂಧನ ಆಯ್ತು. ಪಿಎಸ್‌ಎಲ್‌ವಿಯಲ್ಲಿ ಉರಿಯುವ ವಿಕಾಸ್ ಎಂಜಿನ್ ಹಿಂದೆ ದುಡಿದ ಮನುಷ್ಯ. ಆ ರಾಕೆಟ್ ಮೊದಲ ಸಲ ಯಶಸ್ವಿಯಾಗಿ ಹಾರಿದ್ದು ಅದೇ ವರ್ಷದ ಅಕ್ಟೋಬರ್ 15ಕ್ಕೆ. ಅಂದರೆ ಸಂಭ್ರಮ ಮುಗಿದು ಇನ್ನೂ ಎರಡು ತಿಂಗಳಾಗಿರಲಿಲ್ಲ, ಅವರು ದೇಶದ್ರೋಹಿ. 50 ದಿನ ಜೈಲಿನಲ್ಲಿದ್ದರು.

ನಮ್ಮ ಬೆಂಗಳೂರಿನವರೂ ಆ ಬಲೆಗೆ ಬಿದ್ದರು. ರಷ್ಯಾದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯ ಪ್ರತಿನಿಧಿಯಾಗಿ ಇಲ್ಲಿ ಕೆಲಸ ಮಾಡ್ತಿದ್ದ ಒಬ್ಬರು, ಒಬ್ಬ ಗುತ್ತಿಗೆದಾರರು. ಪತ್ರಿಕೆಗಳಲ್ಲಿ ದಿನಾ ಧಾರಾವಾಹಿ ಥರ ಕಂತು ಕಂತಾಗಿ ಕಥೆ ಬಂತು. ಹೆಣ್ಣು, ಹಣ, ರಹಸ್ಯ ನಕ್ಷೆ. ಅವತ್ತು ವಾಟ್ಸ್‌ಆ್ಯಪ್ ಇರಲಿಲ್ಲ, ಇಪ್ಪತ್ತನಾಲ್ಕು ಗಂಟೆಯ ಕನ್ನಡ ಸುದ್ದಿ ವಾಹಿನಿಗಳೂ ಇರಲಿಲ್ಲ. ಇದ್ದಿದ್ದರೆ ಏನು ಮಾಡ್ತಿದ್ವಿ ಅಂತ ಯೋಚನೆ ಮಾಡಿದರೆ ನನಗೇ ಭಯ ಆಗುತ್ತೆ.

ರಾಜಕೀಯ ಸೇರದೇ ಇರುತ್ತಾ? ಸೇರಿತು. ಒಬ್ಬ ಪೊಲೀಸ್ ಅಧಿಕಾರಿಯನ್ನ ಮುಖ್ಯಮಂತ್ರಿ ಕೆ. ಕರುಣಾಕರನ್ ರಕ್ಷಿಸ್ತಿದ್ದಾರೆ ಅಂತ ಸ್ವಂತ ಪಕ್ಷದ ಎದುರು ಬಣವೇ ಕೂಗೆಬ್ಬಿಸಿತು. 1995ರ ಮಾರ್ಚ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು.

ಈಗ ಒಂದು ಸರಳ ಪ್ರಶ್ನೆ. ಮಾರಿದ್ದಾರೆ ಅಂದ ವಸ್ತು ಏನು? ಕ್ರಯೋಜೆನಿಕ್ ಎಂಜಿನ್ ತಂತ್ರಜ್ಞಾನ. 1994ರಲ್ಲಿ ಅದು ನಮ್ಮ ಹತ್ತಿರ ಇತ್ತಾ? ನಾವೇ ರಷ್ಯಾದಿಂದ ತರಿಸಿಕೊಳ್ಳೋಕೆ ಒದ್ದಾಡ್ತಿದ್ವಿ, ಅಮೆರಿಕ ಅಡ್ಡಗಾಲು ಹಾಕಿತ್ತು. ನಮ್ಮದೇ ಕ್ರಯೋಜೆನಿಕ್ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ ಮೊದಲ ಸಲ ಗೆದ್ದದ್ದು 2014ರ ಜನವರಿ 5ರಂದು. ಇಪ್ಪತ್ತು ವರ್ಷ ಆದ ಮೇಲೆ! ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯ್ತು. ಇಲ್ಲದ ವಸ್ತುವನ್ನ ಮಾರೋದು ಹೇಗೆ ಅಂತ ಕೇಳಿಕೊಳ್ಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಪ್ರಕರಣ ಸಿಬಿಐಗೆ ಹೋಯ್ತು. 1996ರಲ್ಲಿ ಸಿಬಿಐ ಕೊಟ್ಟ ವರದಿ ಬರೀ ‘ರುಜುವಾತಾಗಿಲ್ಲ’ ಅಂತ ನಿಲ್ಲಿಸಲಿಲ್ಲ. ಆರೋಪ ಸುಳ್ಳು ಅಂತಲೇ ಹೇಳಿತು. ಕೋರ್ಟ್ ಒಪ್ಪಿತು. ಕೇರಳ ಸರ್ಕಾರ ಮತ್ತೆ ತನಿಖೆಗೆ ಹೊರಟಾಗ 1998ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ರದ್ದು ಮಾಡಿತು. 2018ರ ಸೆಪ್ಟೆಂಬರ್ 14ರಂದು ಅದೇ ಸುಪ್ರೀಂ ಕೋರ್ಟ್ ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತು. ಅಷ್ಟರಲ್ಲಿ ಅವರಿಗೆ 76 ವರ್ಷ. ಬಂಧನವಾಗಿ 24 ವರ್ಷ ಕಳೆದಿತ್ತು. ಬೆಂಗಳೂರಿನ ಆ ಪ್ರತಿನಿಧಿ ತೀರ್ಪಿನ ಹೊತ್ತಿಗೆ ಆಸ್ಪತ್ರೆಯಲ್ಲಿದ್ದರು. ಕೆಲವೇ ದಿನಗಳಲ್ಲಿ ತೀರಿಕೊಂಡರು.

‘ಬೆಂಕಿ ಇಲ್ಲದೆ ಹೊಗೆ ಆಡಲ್ಲ’ ಅಂತೀವಿ ನಾವು. ಇಲ್ಲಿ ಬೆಂಕಿ ಇರಲಿಲ್ಲ. ಹೊಗೆ ಮಾತ್ರ ಎಷ್ಟು ಮನೆಗಳನ್ನ ಕಪ್ಪು ಮಾಡಿತು ನೋಡಿ.

ಈಗ ನನಗೆ ಕಷ್ಟದ ಭಾಗ. ಈ ಪ್ರಕರಣದ ಹಿಂದೆ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಕೈ ಇತ್ತು, ನಮ್ಮ ಕ್ರಯೋಜೆನಿಕ್ ಕಾರ್ಯಕ್ರಮ ಹಳ್ಳ ಹಿಡಿಸೋಕೆ ಮಾಡಿದ ಸಂಚು ಅಂತ ನಂಬುವವರು ತುಂಬ ಜನ ಇದ್ದಾರೆ. ಆ ಅನುಮಾನಕ್ಕೆ ಕಾರಣ ಇಲ್ಲ ಅಂತಲ್ಲ. ಅಮೆರಿಕ ರಷ್ಯಾದ ಒಪ್ಪಂದಕ್ಕೆ ಅಡ್ಡ ಬಂದದ್ದು ನಿಜ, 1992ರಲ್ಲಿ ಇಸ್ರೋ ಮೇಲೆ ನಿರ್ಬಂಧ ಹಾಕಿದ್ದೂ ನಿಜ. ಹೇಳಬೇಕಂದ್ರೆ ನನಗೂ ಇದನ್ನ ನಂಬೋಕೆ ಇಷ್ಟ. ಕಥೆ ಚೆನ್ನಾಗಿದೆ, ನಮ್ಮ ಸ್ವಾಭಿಮಾನಕ್ಕೂ ಹಿತವಾಗಿದೆ. ಆದರೆ ಲಾಭ ಯಾರಿಗಾಯ್ತು ಅನ್ನೋದು ಒಂದು ಪ್ರಶ್ನೆ, ಮಾಡಿದವರು ಯಾರು ಅನ್ನೋದು ಇನ್ನೊಂದು. ಮೊದಲನೇದಕ್ಕೆ ಉತ್ತರ ಸಿಕ್ಕಿತು ಅಂತ ಎರಡನೇದಕ್ಕೂ ಸಿಕ್ಕಿತು ಅಂದುಕೊಳ್ಳೋ ಹಾಗಿಲ್ಲ. ನಂಬಿ ನಾರಾಯಣನ್ ಅವರ ಮೇಲಿನ ಆರೋಪಕ್ಕೆ ಪುರಾವೆ ಕೇಳಿದ ನಾನು ಇದಕ್ಕೂ ಪುರಾವೆ ಕೇಳಲೇಬೇಕು. ಚೆಕ್ ಎಲ್ಲಿದೆ? ಟೇಪ್ ಎಲ್ಲಿದೆ? ಸಾಕ್ಷಿ ಯಾರು? ಅದು ಮುಂದೆ ಬರೋವರೆಗೆ ಆ ಮಾತಿನ ಜಾಗ ಮೂರನೇ ಡಬ್ಬಿ. ತಕ್ಕಡಿ ಒಂದೇ ಇರಬೇಕು. ನಮಗೆ ಬೇಕಾದವರಿಗೆ ಒಂದು ತೂಕ, ಬೇಡದವರಿಗೆ ಇನ್ನೊಂದು ತೂಕ ಅಂದ್ರೆ ಅದು ಕಳ್ಳ ಅಂಗಡಿ.

ಮೂರನೇ ಡಬ್ಬಿಗೆ ಮತ್ತೆ ಅಮೆರಿಕಕ್ಕೆ ಹೋಗೋಣ. 2016ರ ಅಧ್ಯಕ್ಷರ ಚುನಾವಣೆ, ಡೊನಾಲ್ಡ್ ಟ್ರಂಪ್ ಗೆದ್ದದ್ದು. ರಷ್ಯಾ ಮತ್ತು ಟ್ರಂಪ್ ಪ್ರಚಾರ ತಂಡದ ಮಧ್ಯೆ ಒಳ ಒಪ್ಪಂದ ಇತ್ತು ಅನ್ನೋ ಆರೋಪ. ಎಷ್ಟು ವರ್ಷ ಜಗಳ ಆಯ್ತು ಅಂತ ನಿಮಗೆಲ್ಲ ಗೊತ್ತು. 2017ರ ಮೇ 17ರಂದು ರಾಬರ್ಟ್ ಮುಲ್ಲರ್ ಅವರನ್ನ ವಿಶೇಷ ತನಿಖಾಧಿಕಾರಿಯಾಗಿ ನೇಮಿಸಿದರು. 22 ತಿಂಗಳ ತನಿಖೆ. 2,800ಕ್ಕೂ ಹೆಚ್ಚು ಸಮನ್ಸ್, ಸುಮಾರು 500 ಸಾಕ್ಷಿಗಳ ವಿಚಾರಣೆ. 2019ರ ಏಪ್ರಿಲ್ 18ರಂದು ಹೊರಗೆ ಬಂದ ವರದಿ 448 ಪುಟ.

ಅದರಲ್ಲಿ ಏನಿತ್ತು? ರಷ್ಯಾ ಸರ್ಕಾರ ಆ ಚುನಾವಣೆಯಲ್ಲಿ ವ್ಯಾಪಕವಾಗಿ, ವ್ಯವಸ್ಥಿತವಾಗಿ ಕೈಯಾಡಿಸಿತು. ಇದು ಖಚಿತವಾಗಿ ಹೇಳಿದ್ದು. ಸುಳ್ಳು ಖಾತೆಗಳಿಂದ ಪ್ರಚಾರ ಮಾಡಿದ್ದು, ಡೆಮಾಕ್ರಟಿಕ್ ಪಕ್ಷದ ಇಮೇಲ್ ಕದ್ದು ಹೊರಗೆ ಬಿಟ್ಟದ್ದು, ಎಲ್ಲ ಇತ್ತು. ಅದರಿಂದ ತಮಗೆ ಲಾಭ ಆಗುತ್ತೆ ಅಂತ ಟ್ರಂಪ್ ತಂಡ ಎದುರು ನೋಡ್ತಿತ್ತು ಅಂತಲೂ ಇತ್ತು. ಎರಡೂ ಕಡೆಯ ಜನರ ಮಧ್ಯೆ ಭೇಟಿ, ಮಾತುಕತೆ ಆಗಿದ್ದವು. 2016ರ ಜೂನ್ 9ರಂದು ಟ್ರಂಪ್ ಟವರ್‌ನಲ್ಲಿ ನಡೆದ ಸಭೆ ಅದರಲ್ಲೊಂದು. ಆದರೆ ಇಬ್ಬರೂ ಸೇರಿ ಸಂಚು ಮಾಡಿದರು, ಹೊಂದಾಣಿಕೆ ಮಾಡಿಕೊಂಡರು ಅನ್ನೋದನ್ನ ತನಿಖೆ ಸ್ಥಾಪಿಸಲಿಲ್ಲ.

ಈ ಪದ ಗಮನಿಸಿ, ‘ಸ್ಥಾಪಿಸಲಿಲ್ಲ’. ಒಂದು ಸಂಗತಿಯನ್ನ ತನಿಖೆ ಸ್ಥಾಪಿಸಲಿಲ್ಲ ಅಂದ ಮಾತ್ರಕ್ಕೆ ಅದಕ್ಕೆ ಪುರಾವೆಯೇ ಇರಲಿಲ್ಲ ಅಂತ ಅರ್ಥ ಅಲ್ಲ, ಅಂತ ಅದೇ ವರದಿ ಶುರುವಿನಲ್ಲೇ ಹೇಳುತ್ತೆ. ನಮ್ಮ ಅಪ್ಪ ಹೇಳಿದ ಮೂರನೇ ಡಬ್ಬಿ!

ಜನ ಏನು ಮಾಡಿದರು? ಅರ್ಧ ದೇಶ ‘ಪೂರ್ತಿ ಖುಲಾಸೆ’ ಅಂತ ಕುಣಿಯಿತು. ಇನ್ನರ್ಧ ‘ಎಲ್ಲ ಸಾಬೀತಾಗಿದೆ, ಮುಚ್ಚಿ ಹಾಕಿದರು’ ಅಂತ ಎದೆ ಬಡಿದುಕೊಂಡಿತು. 448 ಪುಟ ಓದಿದವರು ಎಷ್ಟು ಜನ ಇರಬಹುದು, ನೀವೇ ಲೆಕ್ಕ ಹಾಕಿ.

ಒಳ ಒಪ್ಪಂದ ಅಂದ್ರೆ ಏನು ಅನ್ನೋದಕ್ಕೆ ಮುಲ್ಲರ್ ಒಂದು ಅಳತೆಗೋಲು ಇಟ್ಟುಕೊಂಡಿದ್ದರು. ಇಬ್ಬರ ಆಸೆ ಒಂದೇ ಆಗಿತ್ತು ಅಂದರೆ ಸಾಲದು. ಒಬ್ಬ ಮಾಡಿದ್ದನ್ನ ನೋಡಿ ಇನ್ನೊಬ್ಬ ಅದಕ್ಕೆ ತಕ್ಕ ಹಾಗೆ ಹೆಜ್ಜೆ ಹಾಕಿದ ಅಂದರೂ ಸಾಲದು. ಬಾಯಿ ಬಿಟ್ಟು ಹೇಳಿರಲಿ, ಹೇಳದೇ ಇರಲಿ, ಇಬ್ಬರ ಮಧ್ಯೆ ಒಂದು ಒಪ್ಪಿಗೆ ಇತ್ತು ಅಂತ ತೋರಿಸಬೇಕು. ಈ ಅಳತೆಗೋಲನ್ನ ನಮ್ಮ ಕರ್ನಾಟಕಕ್ಕೆ ತಂದು ಹಿಡಿದು ನೋಡಿ. ಆ ಕ್ಷೇತ್ರದಲ್ಲಿ ಎದುರು ಪಕ್ಷದವರು ದುರ್ಬಲ ಅಭ್ಯರ್ಥಿ ಹಾಕಿದರು, ಅದಕ್ಕೇ ಹೊಂದಾಣಿಕೆ ಅಂತೀವಿ. ದುರ್ಬಲ ಅಭ್ಯರ್ಥಿ ಹಾಕೋಕೆ ಬೇರೆ ಕಾರಣ ಇಲ್ವಾ? ಬಣ ಜಗಳ ಇರಬಹುದು, ದುಡ್ಡಿಲ್ಲದೆ ಇರಬಹುದು, ಜಾತಿ ಲೆಕ್ಕ ತಪ್ಪಿರಬಹುದು, ಅಷ್ಟೂ ಬಿಟ್ಟು ಬರೀ ದಡ್ಡತನ ಇರಬಹುದು. ದಡ್ಡತನಕ್ಕೆ ನಾವು ಯಾವತ್ತೂ ಸಿಗಬೇಕಾದ ಮರ್ಯಾದೆ ಕೊಡಲ್ಲ. ಒಪ್ಪಂದ ಆಗಿರಲೂಬಹುದು, ಇಲ್ಲ ಅನ್ನಲ್ಲ. ಆದರೆ ಆಗಿದೆ ಅನ್ನೋನು ಪುರಾವೆ ತರಬೇಕು. ಆಗಿಲ್ಲ ಅಂತ ತೋರಿಸು ಅಂತ ಎದುರಿನವನನ್ನ ಕೇಳೋದು ನ್ಯಾಯ ಅಲ್ಲ.

ಇನ್ನೊಂದು ಮಾತು. ತನಿಖೆ ಮಾಡೋರಿಗೂ ಇದೇ ನಿಯಮ. ಬ್ರಿಟನ್‌ನ ಮಾಜಿ ಗೂಢಚಾರ ಅಧಿಕಾರಿ ಕ್ರಿಸ್ಟೋಫರ್ ಸ್ಟೀಲ್ ಬರೆದ ಟಿಪ್ಪಣಿಗಳ ಒಂದು ಕಂತೆ 2017ರ ಜನವರಿಯಲ್ಲಿ ಹೊರಗೆ ಬಂತು. ಖಚಿತಪಡಿಸಿಲ್ಲ ಅಂತ ಹೇಳಿಕೊಂಡೇ ಅದನ್ನ ಪೂರ್ತಿ ಪ್ರಕಟಿಸಿದರು. ಜನ ಟಿಪ್ಪಣಿ ನೆನಪಿಟ್ಟುಕೊಂಡರು, ಎಚ್ಚರಿಕೆ ಮರೆತರು. ಟ್ರಂಪ್ ತಂಡದಲ್ಲಿದ್ದ ಒಬ್ಬರ ಮೇಲೆ ಗುಪ್ತವಾಗಿ ಕಣ್ಣಿಡೋಕೆ ಎಫ್‌ಬಿಐ ಹಾಕಿದ ಅರ್ಜಿಗಳಲ್ಲೂ ಆ ಕಂತೆ ಸೇರಿತು. ಆ ಅರ್ಜಿಗಳಲ್ಲಿ 17 ಗಂಭೀರ ತಪ್ಪು, ಲೋಪಗಳಿದ್ದವು ಅಂತ 2019ರ ಡಿಸೆಂಬರ್‌ನಲ್ಲಿ ಅಲ್ಲಿನ ನ್ಯಾಯ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಅವರೇ ವರದಿ ಕೊಟ್ಟರು. ಅದರಿಂದ ರಷ್ಯಾ ಮಾಡಿದ್ದು ಸುಳ್ಳಾಗಲಿಲ್ಲ. ಆದರೆ ನಿಜ ಹೇಳಬೇಕಾದವರ ಮಾತಿನ ಬೆಲೆ ಇಳಿಯಿತು.

ಅದೇ ಚುನಾವಣೆಯ ಇನ್ನೊಂದು ಕಥೆ ಕೇಳಿ. ರಷ್ಯನ್ನರು ಕದ್ದ ಇಮೇಲ್‌ಗಳಲ್ಲಿ ಹಿಲರಿ ಕ್ಲಿಂಟನ್ ಅವರ ಪ್ರಚಾರ ಮುಖ್ಯಸ್ಥರದೂ ಇದ್ದವು. ಅದರಲ್ಲಿ ‘ಪಿಜ್ಜಾ’ ಅಂತ ಬಂದದ್ದನ್ನ ಕೆಲವರು ಗುಪ್ತ ಸಂಕೇತ ಅಂದರು. ವಾಷಿಂಗ್ಟನ್‌ನ ಒಂದು ಪಿಜ್ಜಾ ಹೋಟೆಲ್‌ನ ನೆಲಮಾಳಿಗೆಯಲ್ಲಿ ಮಕ್ಕಳನ್ನ ಕೂಡಿ ಹಾಕಿದ್ದಾರೆ ಅಂತ ಹಬ್ಬಿಸಿದರು. 2016ರ ಡಿಸೆಂಬರ್ 4ರಂದು ಒಬ್ಬ ಮನುಷ್ಯ ನೂರಾರು ಮೈಲಿ ಕಾರು ಓಡಿಸಿಕೊಂಡು ಬಂದು ರೈಫಲ್ ಹಿಡಿದು ಒಳಗೆ ನುಗ್ಗಿದ, ಗುಂಡು ಹಾರಿಸಿದ. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಹುಡುಕಿದ. ಮಕ್ಕಳಿರಲಿಲ್ಲ. ಆ ಹೋಟೆಲ್‌ಗೆ ನೆಲಮಾಳಿಗೆಯೇ ಇರಲಿಲ್ಲ! ಅವನಿಗೆ ನಾಲ್ಕು ವರ್ಷ ಜೈಲು ಆಯ್ತು.

ಆದರೆ ನಂಬಿದವರಲ್ಲಿ ಎಷ್ಟೋ ಜನ ಏನಂದರು ಗೊತ್ತಾ? ಬಂದೂಕು ಹಿಡಿದು ಹೋದವನೇ ನಾಟಕದ ಪಾತ್ರಧಾರಿ, ಸತ್ಯ ಮುಚ್ಚೋಕೆ ಅವನನ್ನ ಕಳಿಸಿದ್ದಾರೆ ಅಂದರು. ಇಲ್ಲಿದೆ ನೋಡಿ ವ್ಯತ್ಯಾಸ. ವಾಟರ್‌ಗೇಟ್‌ನಲ್ಲಿ ಇದ್ದದ್ದು ಸಂಶಯ. ಅದು ಪುರಾವೆ ಹುಡುಕಿಕೊಂಡು ಹೋಯ್ತು. ಟೇಪ್‌ನಲ್ಲಿ ಬೇರೆ ಏನೋ ಇದ್ದಿದ್ದರೆ ಸೋಲೋಕೂ ಅದು ತಯಾರಿತ್ತು. ಇದು ಸೋಲೋಕೆ ತಯಾರಿಲ್ಲದ ನಂಬಿಕೆ. ಪುರಾವೆ ಸಿಕ್ಕರೆ ನಿಜ, ಸಿಗದಿದ್ದರೆ ಮುಚ್ಚಿಟ್ಟಿದ್ದಾರೆ, ಅದಕ್ಕೇ ಇನ್ನೂ ನಿಜ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಹಾಗಾದರೆ ನಾವು ನೀವು ಏನು ಮಾಡಬೇಕು? ನಾವೇನು ಕೋರ್ಟಲ್ಲ, ಸಿಬಿಐ ಅಲ್ಲ. ಮತ ಹಾಕೋಕೆ ಮುಂಚೆ 448 ಪುಟ ಓದೋಕೂ ಆಗಲ್ಲ. ಒಪ್ತೀನಿ. ಆದರೆ ಮೊಬೈಲ್‌ನಲ್ಲಿ ಬಂದದ್ದನ್ನ ಮುಂದಕ್ಕೆ ತಳ್ಳೋ ಮುಂಚೆ ಒಂದು ನಿಮಿಷ ನಿಲ್ಲಬಹುದು. ಇದನ್ನ ಕಣ್ಣಾರೆ ಕಂಡವರು ಯಾರು? ಫೋಟೋ ಯಾವತ್ತಿನದು? ಇದಕ್ಕೆ ಬೇರೆ ಸಾದಾ ಕಾರಣ ಇರಬಹುದಾ? ಇದೇ ಫೋಟೋದಲ್ಲಿ ನಮ್ಮ ನಾಯಕರು ಇದ್ದಿದ್ದರೆ ನಾನು ಏನಂತಿದ್ದೆ? ಕೊನೆಯದಾಗಿ ಒಂದು, ಇದೇ ದೊಡ್ಡದು: ಯಾವ ಪುರಾವೆ ಬಂದರೆ ನಾನು ಸೋತೆ ಅಂತ ಒಪ್ಕೋತೀನಿ? ಅದಕ್ಕೆ ನಿಮ್ಮ ಹತ್ತಿರ ಉತ್ತರ ಇಲ್ಲದಿದ್ದರೆ ಇನ್ನು ವಾದ ಮಾಡಿ ಸುಖ ಇಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಅವರ ಕಾಲದಲ್ಲಿ ಕಂಡದ್ದನ್ನಾದರೂ ಕಣ್ಣಲ್ಲಿ ಕಾಣ್ತಿದ್ದರು. ನಾವು ಕಾಣೋದು ಯಾರೋ ಕತ್ತರಿಸಿ ಕಳಿಸಿದ್ದನ್ನ.

ಹಾಗಂತ ಮೂರನೇ ಡಬ್ಬಿ ತಪ್ಪಿತಸ್ಥರು ಬಚ್ಚಿಟ್ಟುಕೊಳ್ಳೋ ಜಾಗ ಆಗಬಾರದು. ‘ಇನ್ನೂ ರುಜುವಾತಾಗಿಲ್ಲವಲ್ಲ’ ಅಂತ ನಗೋ ನಾಯಕರನ್ನೂ ನೋಡಿದ್ದೀವಿ. ರುಜುವಾತಾಗಿಲ್ಲ ಅಂದ್ರೆ ಪ್ರಶ್ನೆ ಮುಗಿದಿಲ್ಲ ಅಂತ ಅರ್ಥ. ಕೇಳ್ತಾ ಇರಬೇಕು, ದಾಖಲೆ ಹುಡುಕ್ತಾ ಇರಬೇಕು. ಅದು ನಮ್ಮ ಕೆಲಸ, ಮಾಧ್ಯಮದವರ ಕೆಲಸ. ಅದನ್ನ ಮಾಡದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೂತರೆ ನಾವು ಯಾರ ಪರವೂ ಅಲ್ಲ, ಸತ್ಯದ ಪರವೂ ಅಲ್ಲ.

ಅಪ್ಪನ ಫೋನ್ ಬಂದ ವಾರವೇ ಊರಿಗೆ ಹೋದೆ. ಬೆಳಿಗ್ಗೆ ಅಪ್ಪನ ಜೊತೆ ಹೋಟೆಲ್‌ಗೆ ಹೋದೆ. ಮಾಮ ಬೇರೆ ಟೇಬಲ್‌ನಲ್ಲಿ ಕೂತಿದ್ದರು. ಹತ್ತಿರ ಹೋಗಿ ಹೇಳಿದೆ, “ಮಾಮ, ಆ ಫೋಟೋ ಹಳೇದು. ನೋಡದೇ ಹಾಕಿದ್ವಿ. ತಪ್ಪು ನನ್ನದು.” ಅವರು ನನ್ನ ಮುಖ ನೋಡಿದರು. “ಅದನ್ನ ಟಿವಿಯಲ್ಲಿ ಹೇಳಪ್ಪ, ನನ್ನ ಹತ್ತಿರ ಯಾಕೆ ಹೇಳ್ತೀಯ?” ಅಂದರು. ಆಮೇಲೆ ಕುರ್ಚಿ ಎಳೆದುಕೊಂಡು ನಮ್ಮ ಟೇಬಲ್‌ಗೆ ಬಂದರು. ಕಾಫಿ ಬರುವಷ್ಟರಲ್ಲಿ ಇಬ್ಬರೂ ಇನ್ಯಾವುದೋ ಸುದ್ದಿ ಹಿಡಿದು ಜಗಳ ಶುರು ಮಾಡಿದ್ದರು.

ಟಿವಿಯಲ್ಲಿ ಹೇಳೋದು ಅವತ್ತು ಆಗಲಿಲ್ಲ. ಇವತ್ತು ಹೇಳಿದ್ದೀನಿ. ತಪ್ಪು ನನ್ನದು.

ಯೋಚನೆ ಮಾಡಿ.